ಅವ್ವ ಹೋದ ಮೇಲೆ ಮನೆಯಲ್ಲಿ ಎರಡು ಮಾತು: ಜೀವ ಎಲ್ಲಿಗೆ ಹೋಗುತ್ತದೆ?

ತಿಕೋಟಾ ರಸ್ತೆ, ವಿಜಯಪುರ

ಎಲ್ಲರಿಗೂ ಶರಣು. ಇತ್ತೀಚೆಗೆ ನಮ್ಮ ಅವ್ವ ತೀರಿಕೊಂಡರು. ಮಣ್ಣು ಮಾಡಿ ಬಂದ ಸಂಜೆಯೇ ಮನೆಯಲ್ಲಿ ಎರಡು ಮಾತು ಶುರುವಾಯಿತು. "ಆಕೆ ಲಿಂಗೈಕ್ಯ ಆದಳು. ಇನ್ನು ಆಕೆಗೆ ನಾವು ಏನೂ ಮುಟ್ಟಿಸಬೇಕಾಗಿಲ್ಲ" ಎಂದರು ದೊಡ್ಡಪ್ಪ. ಸೋದರತ್ತೆ ಒಪ್ಪಲಿಲ್ಲ. ಜೀವ ಇನ್ನೂ ಬಾಗಿಲ ಹತ್ತಿರವೇ ಸುಳಿಯುತ್ತಿರುತ್ತದೆ, ದೀಪ ಆರಬಾರದು, ಆಕೆಗೆ ಇಷ್ಟದ ಅಡುಗೆ ಮಾಡಿ ಇಡಬೇಕು ಎಂದರು. ಇಬ್ಬರೂ ಅವ್ವನನ್ನು ಪ್ರೀತಿಸಿದವರು. ಇಬ್ಬರೂ ಅಳುತ್ತಲೇ ವಾದ ಮಾಡಿದರು.

ನನಗೆ ಎರಡು ವಿಷಯ ಕೇಳಬೇಕಿದೆ. ಸತ್ತ ಮೇಲೆ ಏನಾದರೂ ಉಳಿಯುತ್ತದೆಯೇ, ನಮ್ಮ ಭಾಗದ ಹಿರಿಯರು ಇದಕ್ಕೆ ಏನೇನು ಹೇಳಿದ್ದಾರೆ? ಎರಡನೆಯದು, ಇದು ಗೊತ್ತಾಗದೆ ಪೂಜೆ, ಧ್ಯಾನ ಅಂತ ಕೂತರೆ ಅದಕ್ಕೆ ಅರ್ಥ ಇದೆಯೇ? ಜ್ಞಾನಯೋಗಾಶ್ರಮದ ಪ್ರವಚನಗಳನ್ನು ಕೇಳಿ ಬೆಳೆದವನು ನಾನು. ಕೇಳುವಾಗ ಎಲ್ಲ ತಿಳಿಯಾಗಿ ಇರುತ್ತಿತ್ತು. ಈಗ ಇಷ್ಟಲಿಂಗ ಹಿಡಿದು ಕೂತರೆ ಅವ್ವನ ಮುಖ ಬಿಟ್ಟು ಬೇರೇನೂ ಬರುವುದಿಲ್ಲ.

ಸಮಾಧಾನದ ಮಾತು ಬೇಡ. ಅದನ್ನು ಬಂದವರೆಲ್ಲ ಹೇಳಿ ಹೋಗಿದ್ದಾರೆ. ತಿಳಿದದ್ದು ಹೇಳಿ.

ನಿವೃತ್ತ ಮಾಸ್ತರ, ಬಸವನ ಬಾಗೇವಾಡಿ

ನಿಮ್ಮ ದೊಡ್ಡಪ್ಪ ಹೇಳಿದ್ದು ಶರಣರ ಮಾತೇ. ಆದರೆ ಅದಕ್ಕೆ ಹಿಂದೆ ಇನ್ನೊಂದು ಮಾತಿದೆ. ಷಟ್‌ಸ್ಥಲದಲ್ಲಿ ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಅಂತ ಆರು ಹಂತ. ಆರನೆಯದು ಉಸಿರು ನಿಂತ ಮೇಲೆ ಸಿಗುವಂಥದ್ದಲ್ಲ. ಉಣ್ಣುತ್ತಾ, ದುಡಿಯುತ್ತಾ, ಜನರ ನಡುವೆ ಇರುವಾಗಲೇ "ನಾನು" ಅನ್ನುವುದು ಕರಗಬೇಕು. ಸಾವಿನ ಚೀಟಿಯಲ್ಲಿ ಎಲ್ಲರ ಹೆಸರಿನ ಹಿಂದೆ ಲಿಂಗೈಕ್ಯ ಅಂತ ಅಚ್ಚು ಹಾಕಿಸುತ್ತೇವೆ. ಗೌರವಕ್ಕೆ ಹಾಕಿಸುತ್ತೇವೆ, ಇರಲಿ. ಆದರೆ ನಿಮ್ಮ ಅವ್ವ ಐಕ್ಯರಾದರೇ ಅಂತ ಕೇಳಿದರೆ ಉತ್ತರ ಅವರ ಕೊನೆಯ ದಿನದಲ್ಲಿ ಸಿಗುವುದಿಲ್ಲ, ಅವರ ಬದುಕಿನಲ್ಲಿ ಹುಡುಕಬೇಕು.

ಇನ್ನೊಂದು ವಿಷಯ. ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು: ಜನನ, ಮರಣ, ರಜಸ್ಸು ಅಂದರೆ ಮುಟ್ಟು, ಎಂಜಲು, ಜಾತಿ. ಎಂಟುನೂರು ವರ್ಷಕ್ಕೂ ಹಿಂದೆ ಈ ಮಾತು ಆಡಲು ಎಷ್ಟು ಎದೆಗಾರಿಕೆ ಬೇಕಿತ್ತು ಯೋಚಿಸಿ. ಸಾವು ಮನೆಯನ್ನು ಮೈಲಿಗೆ ಮಾಡುವುದಿಲ್ಲ. ಅದಕ್ಕೇ ಅಲ್ವಾ ನಾವು ಅಂಗೈಯಲ್ಲಿ ಲಿಂಗವಿಟ್ಟು, ಹಣೆಗೆ ವಿಭೂತಿ ಹಚ್ಚಿ, ಕೂತ ಭಂಗಿಯಲ್ಲೇ ಮಣ್ಣು ಕೊಡುವುದು. ಪೂಜೆಗೆ ಕೂತವರನ್ನು ಎಬ್ಬಿಸದೆ ಬಾಗಿಲು ಮುಂದೆ ಮಾಡಿ ಬಂದ ಹಾಗೆ. ಸೂತಕವಿಲ್ಲ ಅನ್ನುವ ಮಾತನ್ನು ವೇದಿಕೆಯ ಮೇಲೆ ಚಪ್ಪಾಳೆ ತಟ್ಟಿ ಕೇಳುತ್ತೇವೆ, ಮನೆಗೆ ಬಂದು ಸೂತಕ ಹಿಡಿಯುತ್ತೇವೆ. ನನಗೆ ಇದು ನೋವಿನ ವಿಷಯ.

ಕೂಡಲಸಂಗಮಕ್ಕೆ ಒಮ್ಮೆ ಹೋಗಿ ಬನ್ನಿ. ನಾರಾಯಣಪುರ ಜಲಾಶಯದ ಹಿನ್ನೀರಿನಲ್ಲಿ ಮುಳುಗಬಾರದು ಅಂತ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಎತ್ತರದ ಗೋಡೆ ಕಟ್ಟಿದ್ದಾರೆ. ಮೆಟ್ಟಿಲು ಇಳಿದು ಹೋಗಬೇಕು. ಬಯಲಾದವರ ಗುರುತನ್ನು ಉಳಿಸಿಕೊಳ್ಳಲು ಇಷ್ಟು ಕಷ್ಟಪಟ್ಟಿದ್ದೇವೆ. ಆ ಗುರುತು ಬೇಕಾಗಿದ್ದು ನಮಗೆ.

ಸಿಂದಗಿ ಓದುಗ

ಮಾಸ್ತರೇ, ಆ ಗುರುತೂ ಬೇಡ ಅಂದವರು ನಮ್ಮ ಕಾಲದಲ್ಲೇ ಇದ್ದರಲ್ಲ. ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2014ರ ಗುರುಪೂರ್ಣಿಮೆಯ ದಿನವೇ ತಮ್ಮ ಕೊನೆಯ ಪತ್ರ ಬರೆದಿಟ್ಟಿದ್ದರು. ದೇಹವನ್ನು ಹೂಳಬೇಡಿ, ಅಗ್ನಿಗೆ ಕೊಡಿ. ಬೂದಿಯನ್ನು ನೀರಿಗೆ ಬಿಡಿ. ಶ್ರಾದ್ಧ ಬೇಡ, ಸ್ಮಾರಕ ಬೇಡ. 2023ರ ಜನವರಿ 2ರಂದು ಅವರು ಹೋದರು. ಮರುದಿನ ಸೈನಿಕ ಶಾಲೆಯ ಬಯಲಿನಲ್ಲಿ ಜನರ ಸಾಲು ಮುಗಿಯಲೇ ಇಲ್ಲ. ನಾನೂ ಆ ಸಾಲಿನಲ್ಲಿದ್ದೆ. ಆಮೇಲೆ ಆಶ್ರಮದಲ್ಲಿ ಬೆಂಕಿಗೆ ಕೊಟ್ಟರು. ಅಂಗಿಗೆ ಜೇಬು ಇಲ್ಲದೆ ಬದುಕಿದವರು, 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡ ಎಂದವರು, ಹೋಗುವಾಗಲೂ ಏನೂ ಉಳಿಸಲಿಲ್ಲ.

ಅಷ್ಟು ದೊಡ್ಡವರೇ ಹೂಳುವುದು, ಸುಡುವುದು ಎರಡೂ ಒಂದೇ ಅಂತ ತೋರಿಸಿದ ಮೇಲೆ ಮನೆಮನೆಗಳಲ್ಲಿ ಈ ಜಗಳ ಯಾಕೆ? ತಿಕೋಟಾ ರಸ್ತೆಯವರೇ, ದೀಪ, ಎಡೆ, ಮೂರನೇ ದಿನ, ಹನ್ನೊಂದನೇ ದಿನ ಎಲ್ಲ ಬಿಟ್ಟುಬಿಡಿ. ಅವ್ವನ ಹೆಸರಿನಲ್ಲಿ ಒಂದು ಮಗುವಿನ ಓದಿಗೆ ದುಡ್ಡು ಕೊಡಿ.

ನಿವೃತ್ತ ಮಾಸ್ತರ, ಬಸವನ ಬಾಗೇವಾಡಿ

ಅವರು ಆ ಪತ್ರವನ್ನು ತಮ್ಮ ದೇಹಕ್ಕೆ ಬರೆದುಕೊಂಡರು. ನಿಮ್ಮ ಮನೆಯಲ್ಲೂ ಹೀಗೇ ಮಾಡಿ ಎಂದು ಯಾರಿಗೂ ಹೇಳಲಿಲ್ಲ. ತಮ್ಮ ಹಕ್ಕಿನಲ್ಲಿದ್ದ ಒಂದೇ ದೇಹದ ಮೇಲೆ ಅವರು ಮಾತಾಡಿದರು. ಈ ವ್ಯತ್ಯಾಸ ದೊಡ್ಡದು ಅಂತ ನನಗೆ ಅನಿಸುತ್ತದೆ. ಮಗುವಿನ ಓದಿಗೆ ಕೊಡುವ ಮಾತು ಮಾತ್ರ ನೂರಕ್ಕೆ ನೂರು ಒಪ್ಪುತ್ತೇನೆ.

ಚಿಕ್ಕೋಡಿ ಕಡೆಯವಳು

ನಾವು ಜೈನರು. ನಮ್ಮಲ್ಲಿ ಈ ಪ್ರಶ್ನೆಗೆ ಉತ್ತರ ಬಹಳ ಖಚಿತ. ದೇಹ ಬಿಟ್ಟ ಜೀವ ಎಲ್ಲೂ ಕಾಯುವುದಿಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ ಅದು ಮುಂದಿನ ಹುಟ್ಟಿಗೆ ಹೋಗಿರುತ್ತದೆ. ಅದಕ್ಕೇ ಪಿಂಡ, ಶ್ರಾದ್ಧಕ್ಕೆ ನಮ್ಮ ಶಾಸ್ತ್ರದಲ್ಲಿ ಜಾಗವಿಲ್ಲ. ನಾನು ಇಲ್ಲಿ ಏನು ಬಡಿಸಿಟ್ಟರೂ ಅದು ಆ ಜೀವಕ್ಕೆ ಮುಟ್ಟುವುದಿಲ್ಲ. ಪ್ರತಿಯೊಂದು ಜೀವವೂ ಬೇರೆ ಬೇರೆ, ಯಾವುದೂ ಇನ್ನೊಂದರಲ್ಲಿ ಕರಗುವುದಿಲ್ಲ. ಅದು ಕಟ್ಟಿಕೊಂಡ ಕರ್ಮವನ್ನು ಅದೇ ಕಳಚಬೇಕು.

ಕೇಳಲು ಕಟುವಾಗಿದೆ, ಗೊತ್ತು. ನನ್ನ ಅಪ್ಪ ಹೋದಾಗ ನನಗೂ ಹಾಗೇ ಅನಿಸಿತ್ತು. ಆದರೆ ಇದರ ಇನ್ನೊಂದು ಮಗ್ಗುಲು ನೋಡಿ. ಆಮೇಲೆ ಏನೂ ಮಾಡಲಾಗದು ಅಂತ ತಿಳಿದರೆ, ಇದ್ದಾಗಲೇ ಮಾಡಬೇಕು ಅನ್ನುವುದು ಗಟ್ಟಿಯಾಗುತ್ತದೆ. ನಮ್ಮ ಪರ್ಯುಷಣದ ದಿನಗಳಲ್ಲಿ ಕ್ಷಮೆ ಕೇಳುವ ರೂಢಿ ಇದೆ. ಚಿಕ್ಕವರು, ದೊಡ್ಡವರು, ಯಾರೇ ಇರಲಿ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಅಂತ ಕೇಳಲೇಬೇಕು. ಅಪ್ಪ ನನ್ನನ್ನೂ ಕೇಳುತ್ತಿದ್ದರು. ಮಗಳ ಮುಂದೆ ಕೈ ಮುಗಿಯುತ್ತಿದ್ದರು.

ನಮ್ಮ ಭೋಜ ಊರಿನ ಕಡೆಯ ಶಾಂತಿಸಾಗರ ಆಚಾರ್ಯರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ, ಅಂದರೆ ಆಹಾರ ಬಿಟ್ಟು ಸಾವನ್ನು ಎದುರುಗೊಳ್ಳುವ ವ್ರತ, ಸ್ವೀಕರಿಸಿ ದೇಹ ಬಿಟ್ಟರು. ಕಣ್ಣಿನ ದೃಷ್ಟಿ ಮಂದವಾಗಿ, ನೆಲದ ಮೇಲಿನ ಸಣ್ಣ ಜೀವಿಗಳನ್ನು ನೋಡಿ ನಡೆಯಲು ಆಗದ ಸ್ಥಿತಿ ಬಂದಿತ್ತು. ಇನ್ನೊಂದು ಜೀವವನ್ನು ತುಳಿಯದೆ ಬದುಕಲಾಗದಿದ್ದರೆ ಆಹಾರ ಬಿಡುತ್ತೇನೆ ಅನ್ನುವ ಗಟ್ಟಿತನ ಅದು. ನಮ್ಮ ಮನೆಗಳಲ್ಲಿ ಆತ್ಮದ ಮಾತು ಬಂದರೆ ಹಿರಿಯರು ಈಗಲೂ ಇದನ್ನೇ ಹೇಳುತ್ತಾರೆ.

ಹಳೇ ಬಾಗಲಕೋಟೆಯವ

ನಿಮ್ಮ ಸೋದರತ್ತೆಯ ಪರವಾಗಿ ಒಂದು ಮಾತು. ಅವರ ನಂಬಿಕೆಗೂ ಬೇರಿದೆ. ನಮ್ಮ ಮನೆಗಳಲ್ಲಿ ಮೊದಲ ದಿನಗಳಲ್ಲಿ ಗರುಡ ಪುರಾಣ ಓದಿಸುತ್ತೇವೆ. ದಿನಕ್ಕೊಂದು ಪಿಂಡದಿಂದ ಹೋದ ಜೀವಕ್ಕೆ ದಾರಿಯ ದೇಹ ಮೂಡುತ್ತದೆ ಅನ್ನುತ್ತಾರೆ. ಅದು ಒಂದು ವರ್ಷದ ಪ್ರಯಾಣ. ಜೀವ ಬೇರೆ, ದೇವರು ಬೇರೆ, ಮುಕ್ತಿಯಲ್ಲೂ ಬೇರೆ ಅನ್ನುವುದು ಮಧ್ವರ ಮತ. ನಮ್ಮೂರಿನ ಪ್ರಸನ್ನ ವೆಂಕಟದಾಸರು ಹಾಡಿದ್ದೂ ಅದೇ ದಾಸನ ಭಾವದಿಂದ. ನಾನು ದೇವರಲ್ಲಿ ಕರಗಿಬಿಟ್ಟರೆ ಅವನನ್ನು ನೋಡಿ ಸಂತೋಷಪಡುವವರು ಯಾರು? ನನಗೆ ಈ ಪ್ರಶ್ನೆಯೇ ಸಾಕಾಗಿದೆ.

ಶಹಾಪುರ ದಿಬ್ಬದ ಹತ್ತಿರದವಳು, ವಿಜಯಪುರ

ಅಸ್ಸಲಾಮು ಅಲೈಕುಮ್. ನಾನೂ ಇದೇ ಊರಿನವಳು ಅಂತ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ರೂಹ್, ಅಂದರೆ ಆತ್ಮದ ಬಗ್ಗೆ ಜನ ಪೈಗಂಬರರನ್ನು ಕೇಳಿದಾಗ ಕುರ್‌ಆನ್‌ನಲ್ಲಿ ಬಂದ ಉತ್ತರ ಬಹಳ ಚಿಕ್ಕದು. ಅದು ನನ್ನ ಒಡೆಯನ ಅಪ್ಪಣೆಗೆ ಸೇರಿದ್ದು, ನಿಮಗೆ ಕೊಟ್ಟ ತಿಳಿವು ಸ್ವಲ್ಪವೇ. ಇಷ್ಟೇ. ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗ ನನಗೆ ನಿರಾಸೆ ಆಗಿತ್ತು. ಈಗ ಇದರಲ್ಲೇ ನೆಮ್ಮದಿ ಇದೆ. ಗೊತ್ತಾಗದ್ದನ್ನು ಗೊತ್ತಿಲ್ಲ ಅಂತ ಇಡಲು ದೇವರೇ ಅನುಮತಿ ಕೊಟ್ಟ ಹಾಗಾಯಿತು.

ನಮ್ಮ ಊರಿನ ಸೂಫಿಗಳು ಈ ವಿಷಯವನ್ನು ಅಡುಗೆಮನೆಗೆ ತಂದರು, ಅದನ್ನು ಹೇಳಲೇಬೇಕು. ಕೋಟೆಗೋಡೆಯ ಆಚೆ, ಪಶ್ಚಿಮಕ್ಕೆ ದಿಬ್ಬದ ಮೇಲೆ ಬಿಳಿ ಗುಮ್ಮಟ ಕಾಣುತ್ತದಲ್ಲ, ಅದು ಅಮೀನುದ್ದೀನ್ ಆಲಾ ಅವರ ದರ್ಗಾ. ಅವರು ಹೋದದ್ದು 1675ರಲ್ಲಿ. ಅವರ ಅಜ್ಜ ಮೀರಾಂಜಿ, ತಂದೆ ಬುರ್ಹಾನುದ್ದೀನ್ ಜಾನಂ, ಮೂವರೂ ಫಾರಸಿಗೆ ಕಟ್ಟುಬೀಳದೆ ಇಲ್ಲಿನ ಜನರ ಉರ್ದುವಾದ ದಖನಿಯಲ್ಲಿ ಬರೆದರು. ಆ ಕಾಲದ ಚಕ್ಕಿನಾಮಾ ಅನ್ನುವ ಪದಗಳನ್ನು ಹೆಂಗಸರು ಬೀಸುವಾಗ ಹಾಡುತ್ತಿದ್ದರು. ಬೀಸುಕಲ್ಲಿನ ನೆಟ್ಟಗಿನ ಹಿಡಿಯೇ ಅರಬ್ಬಿಯ ಮೊದಲ ಅಕ್ಷರ ಅಲಿಫ್, ಅದೇ ಅಲ್ಲಾಹ್. ನಡುವಿನ ಗೂಟ ಪೈಗಂಬರರು. ಕೈ ತಿರುಗುತ್ತದೆ, ಉಸಿರಿನ ಜೊತೆ ಹೆಸರು ತಿರುಗುತ್ತದೆ. ಓದು ಬಾರದ ಹೆಂಗಸಿಗೂ ಜಿಕ್ರ್, ಅಂದರೆ ದೇವರ ನಾಮಸ್ಮರಣೆ, ಸಿಕ್ಕಿತು. ಕನ್ನಡದ ಬೀಸುವ ಪದಗಳಲ್ಲಿ ಕಲ್ಲಿಗೇ ಶರಣು ಹೇಳಿ ಶುರು ಮಾಡುತ್ತಾರಲ್ಲ, ಎರಡೂ ಒಂದೇ ಓಣಿಯಲ್ಲಿ ಕೇಳಿಬರುತ್ತಿದ್ದವು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು.

ಅಣ್ಣಾ, ನಿಮ್ಮ ಎರಡನೇ ಪ್ರಶ್ನೆಗೆ ಇದು ನನ್ನ ಉತ್ತರ. ಆ ಹೆಂಗಸರು ರೂಹ್ ಎಂದರೆ ಏನು ಅಂತ ತೀರ್ಮಾನ ಮಾಡಿಕೊಂಡು ಹಾಡಲಿಲ್ಲ. ಹಿಟ್ಟು ಬೇಕಿತ್ತು, ಬೀಸಿದರು. ದೇವರು ಬೇಕಿತ್ತು, ಹಾಡಿದರು.

ರಾತ್ರಿ ಪಾಳಿ, ಬಾಗಲಕೋಟೆ

ನಾನು ನರ್ಸ್. ತೀವ್ರ ನಿಗಾ ಘಟಕದಲ್ಲಿ ಕೆಲಸ. ಆತ್ಮ ಇದೆ ಅಂತ ನನಗೆ ಅನಿಸಿಲ್ಲ. ಹೃದಯ ನಿಂತರೆ ಕೆಲವೇ ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕರಿಂದ ಆರು ನಿಮಿಷ ಆಮ್ಲಜನಕ ಸಿಗದಿದ್ದರೆ ಮಿದುಳಿನ ಕೋಶಗಳು ಹಾಳಾಗಲು ಶುರುವಾಗುತ್ತವೆ. ಮಿದುಳಿನಲ್ಲಿ ಒಂದು ಕಡೆ ರಕ್ತಸ್ರಾವ ಆದರೆ ಮಾತು ಹೋಗುತ್ತದೆ, ಇನ್ನೊಂದು ಕಡೆ ಆದರೆ ಸ್ವಭಾವವೇ ಬದಲಾಗುತ್ತದೆ. ಶಾಂತವಾಗಿದ್ದ ಮನುಷ್ಯ ಬೈಯಲು ಶುರು ಮಾಡುತ್ತಾನೆ. ಆಗ ಅವನ ಆತ್ಮ ಎಲ್ಲಿತ್ತು ಅಂತ ನಾನು ಕೇಳಿಕೊಳ್ಳುತ್ತೇನೆ. ಇಲ್ಲಿ ಯಾರಾದರೂ ಇದಕ್ಕೆ ನೇರವಾಗಿ ಉತ್ತರ ಕೊಟ್ಟರೆ ನಿಜಕ್ಕೂ ಕೇಳುವ ಆಸೆ ಇದೆ.

ಆದರೂ ಈ ಚರ್ಚೆಯನ್ನು ಓದುತ್ತಿರುವುದಕ್ಕೆ ಕಾರಣ ಇದೆ. ಕೊನೆಯ ಹೊತ್ತಿನಲ್ಲಿ ಎಚ್ಚರ ಇರುವವರು ತಮ್ಮ ಬಗ್ಗೆ ಕೇಳುವುದು ಕಡಿಮೆ. ಎಮ್ಮೆಗೆ ನೀರು ಕುಡಿಸಿದಿರಾ, ಸಣ್ಣ ಮಗಳಿಗೆ ಫೋನ್ ಮಾಡಿದಿರಾ, ಪಾಪ ನೀನು ಊಟ ಮಾಡಿದೆಯಾ ಅಂತ ನನ್ನನ್ನೇ ಕೇಳುತ್ತಾರೆ. ನಾನು ಯಾವುದನ್ನೂ ಸಾಬೀತು ಮಾಡಲು ಇದನ್ನು ಹೇಳುತ್ತಿಲ್ಲ. ಆದರೆ ಬದುಕಿಡೀ ದಿನಕ್ಕೆ ಸ್ವಲ್ಪ ಹೊತ್ತು ಸುಮ್ನೆ ಕೂರುವ ಅಭ್ಯಾಸ ಇದ್ದವರು, ನಮಾಜು ಆಗಲಿ, ಲಿಂಗಪೂಜೆ ಆಗಲಿ, ನೋವಿನಲ್ಲೂ ಸ್ವಲ್ಪ ಬೇರೆ ರೀತಿ ಇರುತ್ತಾರೆ. ಎಲ್ಲರೂ ಅಲ್ಲ. ದೊಡ್ಡ ಭಕ್ತರು ಅಂತ ಹೆಸರಾದವರು ಹೆದರಿ ನಡುಗಿದ್ದನ್ನೂ ನೋಡಿದ್ದೇನೆ, ಅವರ ಕೈ ಹಿಡಿದು ಕೂತಿದ್ದೇನೆ.

ನಿಂಬಾಳಕ್ಕೆ ಹೋಗುವವ, ಜಮಖಂಡಿ

ಅಕ್ಕಾ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡಲು ಪ್ರಯತ್ನಿಸುತ್ತೇನೆ. ಸ್ವಭಾವ, ನೆನಪು, ಮಾತು ಇವೆಲ್ಲ ದೇಹದ ಜೊತೆ ಬದಲಾಗುತ್ತವೆ ಅನ್ನುವುದನ್ನು ವೇದಾಂತವೂ ಒಪ್ಪುತ್ತದೆ. ಬುದ್ಧಿ, ಮನಸ್ಸು ಕೂಡ ಬದಲಾಗುವ ವಸ್ತುಗಳೇ ಅನ್ನುತ್ತದೆ. ಅವು ಬದಲಾದದ್ದನ್ನು ಅರಿಯುವುದು ಯಾವುದೋ ಅದನ್ನು ಆತ್ಮ ಅನ್ನುತ್ತಾರೆ. ಹಾಗಾಗಿ ಬೈಯುವ ರೋಗಿಯನ್ನು ನೋಡಿ ಸ್ವಭಾವ ಮಿದುಳಿನದು ಅಂತ ಹೇಳಬಹುದು, ಅರಿವು ಮಿದುಳಿನದೇ ಅಂತ ಅಷ್ಟರಿಂದಲೇ ಹೇಳಲಾಗದು. ಇದು ನಿಮ್ಮ ಸಂಶಯವನ್ನು ಪೂರ್ತಿ ತೀರಿಸುವುದಿಲ್ಲ. ಎಚ್ಚರವೇ ತಪ್ಪಿದಾಗ ಅರಿಯುವವನು ಎಲ್ಲಿ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಕಠೋಪನಿಷತ್ತಿನಲ್ಲಿ ನಚಿಕೇತ ಯಮನನ್ನು ಕೇಳಿದ್ದೂ ಇದೇ: ಸತ್ತ ಮೇಲೆ ಇದ್ದಾನೆ ಅಂತ ಕೆಲವರು, ಇಲ್ಲ ಅಂತ ಕೆಲವರು, ನಿಜ ಯಾವುದು? ಯಮ ಮೊದಲು ತಪ್ಪಿಸಿಕೊಳ್ಳಲು ನೋಡುತ್ತಾನೆ. ದೇವತೆಗಳಿಗೂ ಈ ಸಂಶಯ ಇತ್ತು, ಬೇರೆ ವರ ಕೇಳು ಅನ್ನುತ್ತಾನೆ.

ತಿಕೋಟಾ ರಸ್ತೆಯವರಿಗೆ ಮುಖ್ಯವಾಗಿ ಬರೆಯಬೇಕಿದೆ. ನಿಮ್ಮ ಜಿಲ್ಲೆಯಲ್ಲೇ, ಸೋಲಾಪುರ ರೈಲು ಮಾರ್ಗದಲ್ಲಿ ನಿಂಬಾಳ ಅನ್ನುವ ಊರಿದೆ. ಗುರುದೇವ ರಾನಡೆಯವರ ಆಶ್ರಮ ಅಲ್ಲಿದೆ. ಅವರು 1886ರಲ್ಲಿ ನಮ್ಮ ಜಮಖಂಡಿಯಲ್ಲಿ ಹುಟ್ಟಿದವರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದರು, ಕುಲಪತಿಯೂ ಆದರು. ಉಪನಿಷತ್ತುಗಳ ಬಗ್ಗೆ 1926ರಲ್ಲಿ ಬಂದ ಅವರ ಇಂಗ್ಲಿಷ್ ಗ್ರಂಥವನ್ನು ವಿದ್ವಾಂಸರು ಈಗಲೂ ಓದುತ್ತಾರೆ. ಪ್ಲೇಟೋ, ಶಂಕರ ಎಲ್ಲ ತಿಳಿದಿದ್ದ ಆ ಮನುಷ್ಯ ಕೊನೆಗೆ ಈ ಬರಗಾಲದ ಊರಿಗೆ ಬಂದು ಕೂತು ಮಾಡಿದ್ದು ಒಂದೇ ಕೆಲಸ, ಗುರು ಕೊಟ್ಟ ನಾಮವನ್ನು ಉಸಿರಿನ ಜೊತೆ ನೆನೆಯುವುದು. 1957ರಲ್ಲಿ ಅಲ್ಲೇ ದೇಹ ಬಿಟ್ಟರು. ತತ್ತ್ವದ ವಾದಗಳು ಮುಗಿಯಲಿ, ಆಮೇಲೆ ಕೂರುತ್ತೇನೆ ಅಂದಿದ್ದರೆ ಅವರು ಕೂರುತ್ತಲೇ ಇರಲಿಲ್ಲ.

ಅವರ ಗುರು ಉಮದಿಯ ಭಾವೂಸಾಹೇಬ ಮಹಾರಾಜರು. ಇಂಚಗೇರಿಯಲ್ಲಿ ಅವರ ಮಠ ಇದೆ. ಬೆಳಗ್ಗೆ ಕಾಕಡಾ ಆರತಿ, ಮಧ್ಯಾಹ್ನ, ರಾತ್ರಿ ಭಜನೆ, ಸಮರ್ಥ ರಾಮದಾಸರ ದಾಸಬೋಧ ಓದು, ನಡುವೆ ಧ್ಯಾನ. ಇದೇ ಪರಂಪರೆಯ ಸಿದ್ಧರಾಮೇಶ್ವರ ಮಹಾರಾಜರು ಇಷ್ಟು ದೀರ್ಘ ಅಭ್ಯಾಸ ಬೇಕಾಗಿಲ್ಲ, ವಿಚಾರದಿಂದಲೂ ತಲುಪಬಹುದು ಎಂದರು. ನಿಧಾನದ ಅಭ್ಯಾಸ ಇರುವೆಯ ದಾರಿ, ವಿಚಾರ ಹಕ್ಕಿಯ ದಾರಿ ಅಂತ ಎರಡಾಯಿತು. ಮುಂಬೈಯ ನಿಸರ್ಗದತ್ತ ಮಹಾರಾಜರು ಅವರ ಶಿಷ್ಯರು. ಜಗತ್ತಿಗೆ ಗೊತ್ತಾದದ್ದು ಹಕ್ಕಿಯ ದಾರಿ. ನನಗೆ ಮಾತ್ರ ಇರುವೆಯದೇ ಸರಿ. ವಿಚಾರ ಚೆನ್ನಾಗಿ ನಡೆದ ದಿನ ಎಲ್ಲ ತಿಳಿದಂತೆ ಅನಿಸುತ್ತದೆ, ಮರುದಿನ ಹೊಲದ ಬದುವಿನ ಜಗಳಕ್ಕೆ ಅದೇ ಸಿಟ್ಟು ಬರುತ್ತದೆ. ನಿಧಾನಕ್ಕೆ ಸವೆಯುವುದೇ ಗಟ್ಟಿ.

ತಿಕೋಟಾ ರಸ್ತೆ, ವಿಜಯಪುರ

ಎಲ್ಲರ ಮಾತನ್ನೂ ಮತ್ತೆ ಮತ್ತೆ ಓದಿದೆ. ಚಿಕ್ಕೋಡಿಯ ಅಕ್ಕ ಬರೆದದ್ದು ಚುಚ್ಚಿತು, ಆದರೆ ಅದೇ ಜಾಸ್ತಿ ಹತ್ತಿರ ಬಂತು.

ನಿಂಬಾಳದವರೇ, ಒಂದು ಮಾತು ಕೇಳುತ್ತೇನೆ. ನೀವು ಕೂರಬೇಕು ಅನ್ನುತ್ತೀರಿ. ಕೂತರೆ ಅವ್ವ ಬರುತ್ತಾಳೆ. ಆಸ್ಪತ್ರೆಯ ಕೊನೆಯ ದಿನಗಳು ಬರುತ್ತವೆ. ಇದು ಧ್ಯಾನವೇ? ಅವ್ವನನ್ನು ಪಕ್ಕಕ್ಕೆ ಸರಿಸಿ ಲಿಂಗದ ಮೇಲೆ ಕಣ್ಣಿಡಬೇಕು ಅಂದರೆ ನನ್ನಿಂದ ಆಗುವುದಿಲ್ಲ. ಸರಿಸುವ ಮನಸ್ಸೂ ಇಲ್ಲ.

ಭಜನಿ ಮೇಳದಾಕೆ, ಗೋಕಾಕ ಹತ್ತಿರ

ತಮ್ಮಾ, ಸರಿಸಬೇಡ. ನಾನು ಓದಿದವಳಲ್ಲ, ಮಗನಿಗೆ ಹೇಳಿ ಬರೆಸುತ್ತಿದ್ದೇನೆ.

ನಮ್ಮದು ಭಜನಿ ಮೇಳ. ಸುತ್ತಲಿನ ಊರುಗಳಲ್ಲಿ ಯಾರಾದರೂ ಹೋದರೆ ಹೇಳಿ ಕಳಿಸುತ್ತಾರೆ. ರಾತ್ರಿಯಿಡೀ ಹೆಣದ ಮುಂದೆ ಕೂತು ಹಾಡುತ್ತೇವೆ. ಒಂದು ಹಾರ್ಮೋನಿಯಂ, ತಬಲಾ, ಏಕತಾರಿ, ತಾಳ. ಶರೀಫಜ್ಜನ ಪದ, ಕಡಕೋಳ ಮಡಿವಾಳಪ್ಪನ ಪದ. ಹೋದವರ ಜಾತಿ ನೋಡುವುದಿಲ್ಲ. ಮೊದಲ ಹೊತ್ತಿನಲ್ಲಿ ಮನೆಯ ಹೆಂಗಸರು ಜೋರಾಗಿ ಅಳುತ್ತಿರುತ್ತಾರೆ, ನಮ್ಮ ಹಾಡು ಕೇಳಿಸುವುದೇ ಇಲ್ಲ. ನಾವು ನಿಲ್ಲಿಸುವುದಿಲ್ಲ. ಸುಮ್ಮನಿರಿ ಅಂತಲೂ ಹೇಳುವುದಿಲ್ಲ. ನಡುರಾತ್ರಿ ದಾಟಿದ ಮೇಲೆ ಅಳುವವರೇ ಪಲ್ಲವಿ ಹಿಡಿಯುತ್ತಾರೆ. ಅಳುತ್ತಲೇ ಹಿಡಿಯುತ್ತಾರೆ. ಹೋದವರ ಹೆಸರನ್ನು ಪದದ ನಡುವೆ ಸೇರಿಸಿ ಕೂಗುತ್ತಾರೆ. ತಾಳ ತಪ್ಪುತ್ತದೆ, ತಪ್ಪಲಿ. ಬೆಳಗಾಗುವ ಹೊತ್ತಿಗೆ ಆ ಮನೆಯವರಿಗೆ ಹೆಣ ಎತ್ತುವ ಶಕ್ತಿ ಬಂದಿರುತ್ತದೆ. ಆತ್ಮ ಎಲ್ಲಿ ಹೋಯಿತು ಅಂತ ಆ ರಾತ್ರಿ ಯಾರೂ ನಮ್ಮನ್ನು ಕೇಳಿಲ್ಲ.

ಲಿಂಗ ಹಿಡಿದು ಕೂತಾಗ ಅವ್ವ ಬಂದರೆ ಅವ್ವನನ್ನೂ ಅಂಗೈಯಲ್ಲೇ ಇಟ್ಟುಕೋ. ಆಕೆ ಎಷ್ಟು ದಿನ ಬರಬೇಕೋ ಬರುತ್ತಾಳೆ. ಆಸ್ಪತ್ರೆ ನೆನಪಾದರೆ ಅಳು. ನಡುವೆ ಒಂದು ಸಲ ಶಿವನ ಹೆಸರು ಬಾಯಿಗೆ ಬಂದರೆ ಸಾಕು, ಆ ದಿನದ ಪೂಜೆ ಆಯಿತು.

ನಿನ್ನ ಅತ್ತೆ ದೀಪ ಹಚ್ಚಲಿ ಬಿಡು. ಆಕೆಗೆ ಕೈಗೊಂದು ಕೆಲಸ ಬೇಕಾಗಿದೆ.

ನಿಂಬಾಳಕ್ಕೆ ಹೋಗುವವ, ಜಮಖಂಡಿ

ಅವರು ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಒಂದೇ ಸೂಚನೆ: ಹೊತ್ತು ಮಾತ್ರ ತಪ್ಪಿಸಬೇಡಿ. ಬೆಳಗ್ಗೆ ಅಂದರೆ ಬೆಳಗ್ಗೆ. ಮನಸ್ಸು ನಿಲ್ಲಲಿ, ಬಿಡಲಿ.

ಸಿಂದಗಿ ಓದುಗ

ದೀಪ, ಎಡೆ ಬಿಟ್ಟುಬಿಡಿ ಅಂತ ಬರೆದಿದ್ದೆ. ಭಜನಿ ಅಕ್ಕನ ಮಾತು ಓದಿದ ಮೇಲೂ ಆ ಅಭಿಪ್ರಾಯ ಬದಲಾಗಿಲ್ಲ. ದುಡ್ಡಿಲ್ಲದ ಮನೆಯವರು ತಿಥಿಯ ದಿನದ ಊಟಕ್ಕೆ ಸಾಲ ಮಾಡುವುದನ್ನು ನೋಡಿದವನು ನಾನು. ಊರಿಗೆಲ್ಲ ಬಡಿಸದಿದ್ದರೆ ಜೀವಕ್ಕೆ ದಾರಿ ಸಿಗದು ಅಂತ ಹೆದರಿಸುವವರು ಈಗಲೂ ಇದ್ದಾರೆ. ಒಂದು ದೀಪಕ್ಕೆ ನನ್ನ ತಕರಾರು ಇಲ್ಲ. ಆ ಹೆದರಿಕೆಯ ಮೇಲೆ ನನ್ನ ಸಿಟ್ಟು.

ನಿವೃತ್ತ ಮಾಸ್ತರ, ಬಸವನ ಬಾಗೇವಾಡಿ

ಆ ಸಿಟ್ಟು ಇರಲಿ. ಅದೇ ಬಸವಣ್ಣನವರ ಸಿಟ್ಟು.

ತಿಕೋಟಾ ರಸ್ತೆ, ವಿಜಯಪುರ

ನಿನ್ನೆ ದೊಡ್ಡಪ್ಪ, ಅತ್ತೆ ಇಬ್ಬರನ್ನೂ ಕೂರಿಸಿ ಇಲ್ಲಿನ ಮಾತುಗಳನ್ನು ಓದಿ ಹೇಳಿದೆ. ಅತ್ತೆ ಚಕ್ಕಿನಾಮಾದ ವಿಷಯವನ್ನು ಎರಡು ಸಲ ಓದಿಸಿದರು. ದೊಡ್ಡಪ್ಪ ಮಾತ್ರ ಹಿಡಿದ ಪಟ್ಟು ಬಿಡಲಿಲ್ಲ, ಆದರೆ ದೀಪಕ್ಕೆ ಎಣ್ಣೆ ಮುಗಿದಿದೆ ಅಂತ ಅವರೇ ಅಂಗಡಿಗೆ ಹೋಗಿ ತಂದರು. ದೊಡ್ಡ ಊಟ ಮಾಡುತ್ತಿಲ್ಲ. ಆ ದುಡ್ಡನ್ನು ನಮ್ಮ ಓಣಿಯ ಒಂದು ಹುಡುಗಿಯ ಕಾಲೇಜಿನ ಶುಲ್ಕಕ್ಕೆ ಕೊಡುವುದು ಅಂತ ಮೂವರೂ ಒಪ್ಪಿದ್ದೇವೆ. ಅವ್ವನಿಗೆ ಆ ಹುಡುಗಿ ಅಂದರೆ ಬಹಳ ಇಷ್ಟ ಇತ್ತು.

ಜೀವ ಎಲ್ಲಿಗೆ ಹೋಯಿತು ಅನ್ನುವುದು ನನಗೆ ಇನ್ನೂ ತಿಳಿದಿಲ್ಲ. ನರ್ಸ್ ಅಕ್ಕನ ಸಂಶಯವೂ ನನ್ನ ಜೊತೆಗೇ ಇದೆ. ಗೋಕಾಕದ ಅಕ್ಕಾ, ನಮ್ಮ ಕಡೆ ಅವತ್ತು ಭಜನಿ ಇಡಿಸಲು ಆಗಿರಲಿಲ್ಲ. ತಡವಾಗಿ ಇಡಿಸಬಹುದೇ? ನಿಮ್ಮ ಮೇಳ ವಿಜಯಪುರದವರೆಗೆ ಬರುತ್ತದೆಯೇ?

ಭಜನಿ ಮೇಳದಾಕೆ, ಗೋಕಾಕ ಹತ್ತಿರ

ಬರುತ್ತೇವೆ. ಅಮವಾಸ್ಯೆಯ ದಿನ ಬಿಟ್ಟು ಯಾವಾಗಾದರೂ ಹೇಳು, ಅವತ್ತು ನಮಗೆ ಮಠದಲ್ಲಿ ಸೇವೆ ಇರುತ್ತದೆ. ರೊಟ್ಟಿ, ಪಲ್ಯ, ಚಹಾ ಇದ್ದರೆ ಸಾಕು, ದುಡ್ಡು ಬೇಡ. ಹಾರ್ಮೋನಿಯಂ ನಾವೇ ತರುತ್ತೇವೆ. ಅವ್ವನಿಗೆ ಇಷ್ಟದ ಪದ ಯಾವುದಾದರೂ ಇದ್ದರೆ ಮೊದಲೇ ತಿಳಿಸು, ಕಲಿತು ಬರುತ್ತೇವೆ.